ಔಷಧಿ ಹೊಡೆಯದ ತೋಟದಲ್ಲಿ ನಮ್ಮ ಮಕ್ಕಳು

ಒಂಬತ್ತನೇ ತರಗತಿಯ ಅಷ್ಟೂ ಮಕ್ಕಳನ್ನು ಪ್ರಕೃತಿ ಪಾಠಕ್ಕೆಂದು ಕೋಲಾರದ ಒಂದು ಸಾರ್ವಜನಿಕ ಉದ್ಯಾನವನಕ್ಕೆ ಕರೆದುಕೊಂಡು ಹೋಗಿ, ಗೇಟಿನೊಳಗೆ ನಿಲ್ಲಿಸಿ, "ಮಕ್ಕಳೇ, ಇನ್ನು ನಿಮ್ಮ ಪಾಡಿಗೆ ನೀವು ನೋಡಿ, ಕಲೀರಿ" ಅಂದೆ. ಆಮೇಲೆ ಏನಾಗಿರಬಹುದು, ಹೇಳಿ ನೋಡೋಣ? ಯಾರಾದರೂ ಮರದಿಂದ ಬಿದ್ದರು ಅಂದಿರಾ? ಇಲ್ಲ. ಜೇನು ಎದ್ದಿತು ಅಂದಿರಾ? ಅದೂ ಅಲ್ಲ. ನೀವು ಎಷ್ಟು ಊಹಿಸಿದರೂ ನಮ್ಮ ಮಕ್ಕಳು ಅದಕ್ಕಿಂತ ಒಂದು ಹೆಜ್ಜೆ ಮುಂದೇ ಇರುತ್ತಿದ್ದರು. ಮಾಲೂರಿನಲ್ಲಿ ಪಾಠ ಮಾಡಿದ್ದೇನೆ, ಮುಳಬಾಗಿಲಿನಲ್ಲಿ ಮಾಡಿದ್ದೇನೆ. ಕೊನೆಗೆ ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾಗಿ ನಿವೃತ್ತನಾದೆ. ಇಂಥದ್ದು ಆಗುವುದು ನಿಂತದ್ದೇ ಇಲ್ಲ. ನಿಂತಿದ್ದರೆ ಈಗ ನಾನು ದಿನವಿಡೀ ಕೂತು ಏನು ಹೇಳಿಕೊಂಡು ನಗುತ್ತಿದ್ದೆ?

ನಡೆದದ್ದನ್ನು ಒಂದೊಂದಾಗಿ ಹೇಳುತ್ತೇನೆ.

ಡಬ್ಬಿ

ಅವರು ಮೊದಲು ತೆರೆದದ್ದು ಕಣ್ಣಲ್ಲ, ಊಟದ ಡಬ್ಬಿ. ಬೆಳಿಗ್ಗೆ ಹತ್ತು ಗಂಟೆ ಇನ್ನೂ ಆಗಿರಲಿಲ್ಲ. ನಾನು ಆಲದ ಮರದ ಬಿಳಲಿನ ಬಗ್ಗೆ ಎರಡು ಮಾತಾಡಿ ಹಿಂದಿರುಗಿ ನೋಡಿದರೆ, ಮಕ್ಕಳೆಲ್ಲ ಹುಲ್ಲಿನ ಮೇಲೆ ಸಾಲಾಗಿ ಕೂತು ಬಾಯಾಡಿಸುತ್ತಿದ್ದಾರೆ.

"ಏನ್ರೋ ಇದು? ಮಧ್ಯಾಹ್ನದ ಊಟ ಈಗಲೇ ಯಾಕ್ರೋ?"

"ಹೊತ್ಕೊಂಡು ತಿರುಗೋದು ಯಾಕೆ ಸಾರ್, ಭಾರ" ಅಂದ ಒಬ್ಬ.

ನನಗೆ ಕೋಪ ಬಂತು. ಬಂದ ಕೆಲಸವನ್ನಾದರೂ ಮಾಡಿದ್ದಾರಾ ಅಂತ ನೋಡೋಣ ಎಂದು, "ಸರಿ, ಇಲ್ಲಿಗೆ ಬಂದ ಮೇಲೆ ಏನೇನು ಗಮನಿಸಿದಿರಿ, ಒಬ್ಬರಾದರೂ ಹೇಳಿ" ಅಂದೆ.

ಎರಡು ಜಡೆಯ ಒಂದು ಹುಡುಗಿ ಎದ್ದು ನಿಂತಳು. ಬಾಯಲ್ಲಿದ್ದದ್ದನ್ನು ನುಂಗಿ, ಬಹಳ ಗಂಭೀರವಾಗಿ ಹೇಳಿದಳು: "ಸಾರ್, ಇವತ್ತು ಎಲ್ಲರ ಮನೇಲೂ ಚಿತ್ರಾನ್ನ."

ಒಂದು ಗಂಟೆಯ ಹೊತ್ತಿಗೆ ಎಲ್ಲರಿಗೂ ಮತ್ತೆ ಹಸಿವು. ಒಬ್ಬನಿಗೆ ತಲೆ ತಿರುಗಿತು. ವಿಷಯ ಕೇಳಿದ ನಮ್ಮ ಮುಖ್ಯೋಪಾಧ್ಯಾಯಿನಿ, ಅಂದರೆ ಹೆಡ್ ಮೇಡಂ, ಮುಂದಿನ ಸಲದಿಂದ ಬಿಸಿಯೂಟದ ಅಡುಗೆಯಮ್ಮನೂ ಸ್ಟೌವು, ಪಾತ್ರೆ ಸಮೇತ ಜೊತೆಗೆ ಬರತಕ್ಕದ್ದು ಎಂದು ಅಪ್ಪಣೆ ಮಾಡಿದರು. ಬಹಳ ಒಳ್ಳೆಯ ಏರ್ಪಾಡು ಅಂತ ನಾನೇ ಮೊದಲು ತಲೆಯಾಡಿಸಿದೆ. ಅದರ ಫಲ ಆಮೇಲೆ ಗೊತ್ತಾಯಿತು.

ಟವೆಲ್ಲಿನ ಕೆಳಗೆ

ಮರುವರ್ಷ ಹೋದಾಗ ಮಾವು ಹೂವು ಬಿಟ್ಟ ಕಾಲ. ಮಕ್ಕಳನ್ನು ಒಂದು ದೊಡ್ಡ ಮಾವಿನ ಮರದ ಕೆಳಗೆ ನಿಲ್ಲಿಸಿ, "ಮೇಲೆ ನೋಡಿ. ಈ ಮರ ನೋಡಿದರೆ ನಿಮ್ಮ ಮನಸ್ಸಿಗೆ ಏನು ಬರುತ್ತೆ?" ಅಂತ ಕೇಳಿದೆ. ನೆರಳು ಅನ್ನುತ್ತಾರೆ, ಹಕ್ಕಿ ಗೂಡು ಅನ್ನುತ್ತಾರೆ, ಒಬ್ಬರಾದರೂ ಪರಾಗಸ್ಪರ್ಶ ಅನ್ನುತ್ತಾರೆ ಎಂಬ ಆಸೆ ನನಗೆ.

ಹತ್ತನೇ ಕ್ಲಾಸಿಗೆ ಹೋಗಿದ್ದರೂ ಹಟ ಹಿಡಿದು ಜೊತೆಗೆ ಬಂದಿದ್ದ ಅದೇ ಎರಡು ಜಡೆಯ ಹುಡುಗಿ ಮಾತಾಡಲಿಲ್ಲ. ಅವಳ ತಂದೆ ಮಾವಿನ ತೋಟಗಳನ್ನು, ಕಾಯಿ ಕಚ್ಚುವ ಮುಂಚೆ ಹೂವು ನೋಡಿಯೇ ರೇಟು ಕಟ್ಟಿ, ಗುತ್ತಿಗೆ ಹಿಡಿಯುವವರು. ಅವಳು ಮರವನ್ನು ಒಂದು ಸುತ್ತು ಹಾಕಿದಳು. ಒಂದು ಕೊಂಬೆ ಬಗ್ಗಿಸಿ ಹೂವಿನ ಗೊಂಚಲನ್ನು ಅಂಗೈ ಮೇಲೆ ಕೊಡವಿ ನೋಡಿದಳು. ಮಂಜು ಎಷ್ಟು ಬೀಳುತ್ತಿದೆ ಅಂತ ತೋಟದ ಕಾವಲುಗಾರರನ್ನು ವಿಚಾರಿಸಿದಳು. ಚಿಂತನೆ ಮಾಡುತ್ತಿದ್ದಾಳೆ, ಮಾಡಲಿ ಅಂತ ನಾನು ಉಳಿದವರಿಗೆ ಎಲೆಯ ನರಗಳನ್ನು ತೋರಿಸಲು ಅತ್ತ ಹೋದೆ.

ತಿರುಗಿ ಬರುವಷ್ಟರಲ್ಲಿ ಹುಡುಗಿ ಮತ್ತು ಕಾವಲುಗಾರರು ಎದುರು ಬದುರು ನಿಂತಿದ್ದಾರೆ. ಇಬ್ಬರ ಕೈಯ ಮೇಲೂ ಕಾವಲುಗಾರರ ಟವೆಲ್ಲು ಹೊದಿಸಿದೆ. ಕೆಳಗೆ ಬೆರಳು ಹಿಡಿಯುವುದು, ಬಿಡುವುದು ನಡೆದಿದೆ. ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗೆ ರೇಟು ಗೊತ್ತಾಗದ ಹಾಗೆ ವ್ಯಾಪಾರಸ್ಥರು ಬೆರಳಿನಲ್ಲೇ ಮಾತಾಡುವ ಪದ್ಧತಿ ಅದು. ಸುತ್ತಲೂ ನಮ್ಮ ಅರ್ಧ ತರಗತಿ ಉಸಿರು ಬಿಗಿಹಿಡಿದು ನೋಡುತ್ತಿದೆ.

"ಏನ್ರೀ ಇದು, ಸರ್ಕಾರಿ ಮರ!" ಅಂತ ನಾನು ಕೂಗಿದೆ.

ಕಾವಲುಗಾರರು ಟವೆಲ್ಲಿನಿಂದ ಕೈ ತೆಗೆಯದೆಯೇ ನನ್ನ ಕಡೆ ತಿರುಗಿ ನೊಂದುಕೊಂಡು ಹೇಳಿದರು: "ನೀವೇ ಬುದ್ಧಿ ಹೇಳಿ ಸಾರ್. ಮಗಾ ತೀರಾ ಕಮ್ಮಿಗೆ ಕೇಳ್ತಾ ಅವಳೆ."

ಸದ್ದು ಮಾಡಬೇಡಿ

ಮರ ಗುತ್ತಿಗೆಗೆ ಹೋಗುತ್ತಿದ್ದ ಸುದ್ದಿ ತೋಟದ ಮೇಲ್ವಿಚಾರಕರಿಂದ ಹೆಡ್ ಮೇಡಂ ಅವರ ಫೋನಿಗೆ ನಮಗಿಂತ ಮುಂಚೆ ತಲುಪಿತ್ತು. ಆದ್ದರಿಂದ ಅದರ ಮುಂದಿನ ಸಲ ನಾನು ಮರಗಳ ಸಹವಾಸವನ್ನೇ ಬಿಟ್ಟು ಹಕ್ಕಿಗಳನ್ನು ಹಿಡಿದುಕೊಂಡೆ. ಹಕ್ಕಿಗಳನ್ನು ಯಾರೂ ಗುತ್ತಿಗೆ ಹಿಡಿಯುವುದಿಲ್ಲವಲ್ಲ.

"ಸದ್ದು ಮಾಡಬಾರದು. ಕೆಮ್ಮಬಾರದು. ಕಂಡದ್ದನ್ನೆಲ್ಲ ಬರೆದುಕೊಳ್ಳಿ" ಅಂತ ಹೇಳಿ ಪೊದೆಗಳ ಪಕ್ಕ ಕೂರಿಸಿದೆ. ಮಕ್ಕಳು ಕೂತರು ನೋಡಿ, ಎಂಥಾ ಮೌನ! ನನ್ನ ಸರ್ವೀಸಿನಲ್ಲೇ ನಾನು ಅಂಥ ಮೌನ ಕಂಡಿರಲಿಲ್ಲ. ಸ್ವಲ್ಪ ಹೊತ್ತಿಗೆ ಗಿಣಿಗಳ ಒಂದು ದೊಡ್ಡ ಹಿಂಡು ಬಂದು ಎದುರಿನ ಸೀಬೆ ಮರದ ಮೇಲೆ ಇಳಿಯಿತು. ನನಗಂತೂ ಮೈ ಜುಮ್ಮೆಂದಿತು.

ನಾನು ಮರೆತದ್ದು ಒಂದೇ. ಆ ಮಕ್ಕಳಲ್ಲಿ ಮುಕ್ಕಾಲು ಪಾಲು ರಜದ ದಿನಗಳಲ್ಲಿ ಹೊಲ, ತೋಟ ಕಾಯುವವರು. ಕಾಯುವುದು ಯಾರಿಂದ? ಗಿಣಿಗಳಿಂದ.

"ಹೋ! ಹೋಯ್! ಪೋ, ಪೋ!" ಅಂತ ಒಬ್ಬ ಎದ್ದ. ಅಷ್ಟೇ ಸಾಕಾಯಿತು. ಇಡೀ ತರಗತಿ ಎದ್ದು ಚಪ್ಪಾಳೆ ತಟ್ಟಿತು, ಬೊಬ್ಬೆ ಹಾಕಿತು, ಒಬ್ಬಳು ಊಟದ ತಟ್ಟೆ ಬಡಿದಳು. ಗಿಣಿಗಳು ಹೋದವು. ಕಾಗೆ, ಮೈನಾ, ಕೊಕ್ಕರೆ ಎಲ್ಲ ಹೋದವು. ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ಗೇಟಿನ ಕಡೆ ಓಡಿದರು. ನಮ್ಮ ಬೆನ್ನ ಹಿಂದಿನ ಪೊದೆಯಿಂದ ಒಂದು ಕಾಲೇಜು ಜೋಡಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಒಬ್ಬರು ಪೂರ್ವಕ್ಕೆ, ಒಬ್ಬರು ಪಶ್ಚಿಮಕ್ಕೆ ಹಾರಿತು.

ಗಲಾಟೆ ನಿಂತ ಮೇಲೆ ಮುಂದಿನ ಸಾಲಿನ ಹುಡುಗ ಪೆನ್ಸಿಲ್ ಹಿಡಿದು ನನ್ನ ಮುಖ ನೋಡಿದ. "ಸಾರ್, ಇದನ್ನೂ ಬರ್ಕೋಬೇಕಾ?"

ಎಲ್ಲಿಂದಾದರೂ

ಈ ಸಲ ಮೇಡಂ ನನ್ನನ್ನು ಕೋಣೆಗೇ ಕರೆಸಿದರು. "ನೋಡಿ ಸಾರ್, ತೋಟಕ್ಕೆ ಹೊಸ ಮೇಲ್ವಿಚಾರಕರು ಬಂದಿದ್ದಾರೆ, ಬಹಳ ಸ್ಟ್ರಿಕ್ಟ್ ಅಂತೆ. ಅವರ ಕೈಯಿಂದ ಒಂದೇ ಒಂದು ದೂರು ಬರಲಿ, ಆಮೇಲೆ ನಿಮ್ಮ ಪ್ರಕೃತಿ ಪಾಠ ಶಾಲೆಯ ಕಾಂಪೌಂಡಿನ ಒಳಗೇ. ನೀವು ರಿಟೈರ್ ಆದ ಮೇಲೂ ಅಷ್ಟೇ."

ನಮ್ಮ ಕಾಂಪೌಂಡಿನೊಳಗಿನ ಪ್ರಕೃತಿ ಅಂದರೆ ಒಂದು ಹೊಂಗೆ ಮರ. ಅದರ ಕೆಳಗೆ ಎಲ್ಲರ ಬೈಕುಗಳು. ತಮಾಷೆ ಹಾಗಿರಲಿ, ನನಗೆ ನಿಜವಾಗಿ ಚಿಂತೆಯಾಯಿತು. ಈ ಮಕ್ಕಳು ಹುಟ್ಟಿದಾಗಿನಿಂದ ಗಿಡಗಳ ನಡುವೆಯೇ ಬೆಳೆದವರು. ಆದರೆ ನೀರು ಕಟ್ಟಬೇಕಾಗಿಲ್ಲದ, ಔಷಧಿ ಹೊಡೆಯಬೇಕಾಗಿಲ್ಲದ, ರೇಟು ಬಿತ್ತಾ ಅಂತ ಕೇಳಬೇಕಾಗಿಲ್ಲದ ಗಿಡವನ್ನು ಸುಮ್ಮನೆ ನಿಂತು ನೋಡುವುದು ಅವರಿಗೆ ವರ್ಷಕ್ಕೆ ಆ ಒಂದು ದಿನ ಮಾತ್ರ. ಅದೂ ಹೋಗುವ ಹಾಗಾಯಿತಲ್ಲ!

ಮರುವರ್ಷ ಮೇಡಂ ಸ್ವತಃ ಜೊತೆಗೆ ಬಂದರು. ಮೇಲ್ವಿಚಾರಕರೂ ಗೇಟಿನಲ್ಲೇ ನಿಂತು ಸ್ವಾಗತಿಸಿದರು. ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ಸಿದ್ಧತೆ ನಡೆದಿತ್ತು. ಕಚೇರಿಯ ಹಿಂದೆ ಅವರೇ ಮುತುವರ್ಜಿಯಿಂದ ಬೆಳೆಸಿದ ಒಂದು ಮಡಿ, ಅದರ ತುಂಬ ಕೆಂಪು, ಹಳದಿ, ಹಸಿರು ಎಲೆಯ ಅಲಂಕಾರದ ಗಿಡ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಅವರು ಎದೆಯುಬ್ಬಿಸಿ ಭಾಷಣ ಮಾಡಿದರು: "ನೋಡಿ ಮಕ್ಕಳೇ, ಇದಕ್ಕೆ ಒಂದು ತೊಟ್ಟು ಔಷಧಿ ಹೊಡೆದಿಲ್ಲ. ಬರೀ ಕೊಟ್ಟಿಗೆ ಗೊಬ್ಬರ. ಇಷ್ಟು ಶುದ್ಧವಾದ ಗಿಡ ಜಿಲ್ಲೆಯಲ್ಲೇ ಇಲ್ಲ!"

ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಮಕ್ಕಳ ಹಿಂದೆ ನಿಂತಿದ್ದ ಅಡುಗೆಯಮ್ಮನೂ ಕೇಳಿದರು.

ಅಷ್ಟರಲ್ಲಿ ಅಡುಗೆಯಮ್ಮನಿಗೆ ಒಂದು ಕಷ್ಟ ಬಂತು. ತರಕಾರಿಯ ಚೀಲ ವ್ಯಾನಿನಲ್ಲೇ ಉಳಿದಿದೆ, ಡ್ರೈವರು ವ್ಯಾನು ತೆಗೆದುಕೊಂಡು ಊರೊಳಗೆ ಹೋಗಿದ್ದಾನೆ, ಫೋನು ಎತ್ತುತ್ತಿಲ್ಲ.

"ಬರೀ ಬೇಳೆ ಸಾರು ಮಾಡಿಬಿಡ್ಲಾ ಮೇಡಂ?" ಅಂತ ಕೇಳಿದರು.

ಮೇಡಂ ಸಿಡುಕಿದರು. "ಸೊಪ್ಪು ತರಕಾರಿ ಇಲ್ದೆ ಮಕ್ಕಳಿಗೆ ಊಟ ಹಾಕೋ ಹಾಗಿಲ್ಲ ಅಂತ ರೂಲ್ಸ್ ಇದೆ ಕಣಮ್ಮ. ಎಲ್ಲಿಂದಾದರೂ ತಗೊಂಬಾ, ಹೋಗು."

ಆಮೇಲಿನ ಒಂದು ಗಂಟೆ ನನ್ನ ವೃತ್ತಿಜೀವನದ ಅತ್ಯಂತ ಸಂತೋಷದ ಗಂಟೆ. ಮೇಡಂ, ಮೇಲ್ವಿಚಾರಕರು, ನಾನು ಮೂವರೂ ಕಚೇರಿಯಲ್ಲಿ ಕಾಫಿ ಕುಡಿಯುತ್ತಿದ್ದೆವು. ಕಿಟಕಿಯಿಂದ ನೋಡಿದರೆ ಮಕ್ಕಳು ಮಡಿಯ ಸುತ್ತ ಬಗ್ಗಿ, ತಲೆಯೆತ್ತದೆ, ಮಾತಿಲ್ಲದೆ, ಒಂದೊಂದೇ ಎಲೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಾರೆ. ಅವರ ಬೆನ್ನುಗಳು ಮಾತ್ರ ಕಾಣುತ್ತಿವೆ.

"ಏನು ಶ್ರದ್ಧೆ!" ಅಂದರು ಮೇಲ್ವಿಚಾರಕರು. "ಇಂಥ ಮಕ್ಕಳನ್ನು ನಾನು ನೋಡೇ ಇಲ್ಲ." ಮೊಬೈಲು ತೆಗೆದು ಕಿಟಕಿಯಿಂದಲೇ ಫೋಟೋ ಬೇರೆ ಹೊಡೆದುಕೊಂಡರು. ಮೇಡಂ ನನ್ನ ಕಡೆ ನೋಡಿ ಮೊದಲ ಸಲ ನಕ್ಕರು. "ಎಲ್ಲ ನಮ್ಮ ಮೇಷ್ಟ್ರ ತರಬೇತಿ" ಅಂದರು. ನಾನು ನಾಚಿಕೊಂಡು ಇನ್ನೊಂದು ಬಿಸ್ಕತ್ತು ತೆಗೆದುಕೊಂಡೆ.

ಊಟದ ಹೊತ್ತಾಯಿತು. ಮೇಲ್ವಿಚಾರಕರು "ನನಗೆ ಬೇಡ, ಬೇಡ" ಅಂದರು. ಅಷ್ಟರಲ್ಲಿ ಒಗ್ಗರಣೆಯ ಘಮ ಕಚೇರಿಯೊಳಗೆ ಬಂತು. ಬೆಳ್ಳುಳ್ಳಿ, ಒಣಮೆಣಸಿನಕಾಯಿ. "ಒಂಚೂರು ರುಚಿ ನೋಡ್ತೀನಿ, ಅಷ್ಟೇ" ಅಂತ ಬಂದು ಪಂಕ್ತಿಯಲ್ಲಿ ಕೂತರು. ಅನ್ನ, ಮೇಲೆ ಬೇಳೆ ಸೊಪ್ಪು ಬೇಯಿಸಿ ಮಸೆದ ದಪ್ಪನೆಯ ಮಸ್ಸೊಪ್ಪು. ಒಂದು ತುತ್ತು ತಿಂದರು, ಕಣ್ಣು ಮುಚ್ಚಿದರು. ಎರಡನೇ ಸಲ ಹಾಕಿಸಿಕೊಂಡರು. ಮೂರನೇ ಸಲ ಹಾಕಿಸಿಕೊಳ್ಳುವಾಗ ಕೇಳಿದರು:

"ಏನಮ್ಮಾ, ಸೊಪ್ಪು ಬೆಣ್ಣೆ ಬೆಣ್ಣೆಯಾಗಿದೆಯಲ್ಲ! ಯಾವ ಮಾರ್ಕೆಟ್ಟಿನದು?"

ಅಡುಗೆಯಮ್ಮ ಸೌಟು ಹಿಡಿದುಕೊಂಡೇ ಸಂತೋಷದಿಂದ ಹೇಳಿದರು. "ಮಾರ್ಕೆಟ್ಟಲ್ಲಿ ಇಂಥದ್ದು ಎಲ್ಲಿ ಸಿಕ್ತೈತೆ ಸಾಮಿ? ನಿಮ್ದೇ! ಬಣ್ಣ ಬಣ್ಣದ ದಂಟು ಸೊಪ್ಪು. ಔಷಧಿ ಹೊಡೆದಿಲ್ಲ ಅಂತ ನೀವೇ ಹೇಳಿದ್ರಲ್ಲ. ಎಲ್ಲಾನೂ ಬಲಿತು ಹೋಗೋದ್ರಾಗಿತ್ತು, ಮಕ್ಕಳು ನಾನು ಸೇರ್ಕೊಂಡು ಬಿಡಿಸಿಬಿಟ್ವಿ. ನಮ್ಮ ಹುಡುಗ್ರು ಸೊಪ್ಪು ಬಿಡ್ಸೋದ್ರಲ್ಲಿ ಎತ್ತಿದ ಕೈ."

ಮೇಲ್ವಿಚಾರಕರು ಎಂಜಲು ಕೈಯಲ್ಲೇ ಎದ್ದು ಕಚೇರಿಯ ಹಿಂದಕ್ಕೆ ಹೋದರು. ನಾನೂ ಹೋದೆ. ಮಡಿಯಲ್ಲಿ ಕಡ್ಡಿಗಳು ನಿಂತಿದ್ದವು. ಬರೀ ಕಡ್ಡಿ. ಅವುಗಳ ನಡುವೆ "ದಯವಿಟ್ಟು ಮುಟ್ಟಬೇಡಿ" ಎಂಬ ಬೋರ್ಡೊಂದು ಮಾತ್ರ ಎಲೆಗಳ ಮರೆಯಿಂದ ಹೊರಬಂದು ಅಚ್ಚುಕಟ್ಟಾಗಿ ಕಾಣುತ್ತಿತ್ತು.

ತಿರುಗಿ ಬಂದೆವು. ಮಕ್ಕಳಿಗೆ ಏನೋ ಆಗಿದೆ ಅಂತ ಗೊತ್ತಾಗಿ ತುತ್ತು ಕೈಯಲ್ಲೇ ನಿಂತಿತ್ತು. ಎರಡು ಜಡೆಯ ಹುಡುಗಿಯ ತಂಗಿಯೂ ಆ ವರ್ಷ ಒಂಬತ್ತನೇ ಕ್ಲಾಸು. ಅವಳು ಮೆಲ್ಲಗೆ, "ಇನ್ಮೇಲೆ ಕರ್ಕೊಂಡು ಬರಲ್ವಾ ಸಾರ್?" ಅಂದಳು. ನಾನು ಮೇಡಂ ಕಡೆ ನೋಡಿದೆ.

ಮೇಡಂ ತಟ್ಟೆ ಕೆಳಗಿಟ್ಟು, ಮುಖ ಬಿಗಿದುಕೊಂಡು, ಮೇಲ್ವಿಚಾರಕರಿಗೆ, "ಸಾರ್, ನೀವು ದೂರು ಬರೆದು ಕೊಡಿ. ನಾನು ಕ್ರಮ ತಗೋತೀನಿ" ಅಂದರು.

ಮೇಲ್ವಿಚಾರಕರು ಎಂಜಲು ಕೈಯ ಬೆರಳು ಮಡಿಸಿ ಎಣಿಸತೊಡಗಿದರು. "ಏನಂತ ಬರೀಲಿ ಮೇಡಂ? ಔಷಧಿ ಹೊಡೆದಿಲ್ಲ ಅಂದೋನು ನಾನು. ಎಲ್ಲಿಂದಾದರೂ ತಾ ಅಂದೋರು ನೀವು. ಶ್ರದ್ಧೆ ಅಂತ ಫೋಟೋ ಹೊಡೆದೋನೂ ನಾನೇ. ಕೊನೆಗೆ ಮಾಲು ಎಲ್ಲಿ ಅಂದ್ರೆ..." ಅಂತ ತಮ್ಮ ಹೊಟ್ಟೆ ಮುಟ್ಟಿ ತೋರಿಸಿದರು.

ಅಡುಗೆಯಮ್ಮ ಪಾತ್ರೆ ಬಗ್ಗಿಸಿ ನೋಡಿದರು. "ತಳದಲ್ಲಿ ಇನ್ನೊಂದು ಸೌಟು ಐತೆ ಸಾಮಿ. ಹಾಕ್ಲಾ?"

ಅವರು ಒಮ್ಮೆ ಕಡ್ಡಿಗಳ ಕಡೆ ನೋಡಿದರು, ಒಮ್ಮೆ ಮಕ್ಕಳ ಕಡೆ ನೋಡಿದರು, ತಟ್ಟೆ ಮುಂದೆ ಚಾಚಿದರು. "ಹಾಕಮ್ಮ. ಮುಂದಿನ ವರ್ಷ ಬರೋವಾಗ ಮಾತ್ರ ಆ ಡ್ರೈವರ್‌ನ ಇಲ್ಲೇ ಕಟ್ಟಿಹಾಕು."

ಮಕ್ಕಳು ಹೋ ಅಂತ ಕೂಗಿದರು. ತೋಟದ ಹಕ್ಕಿಗಳೆಲ್ಲ ಎದ್ದು ಹೋದವು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಕೈ ತೊಳೆಯುವ ನಲ್ಲಿಯ ಹತ್ತಿರ ಮೇಲ್ವಿಚಾರಕರು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡರು. ಅತ್ತ ಇತ್ತ ನೋಡಿ ದನಿ ತಗ್ಗಿಸಿದರು. "ಮೇಷ್ಟ್ರೇ, ಮಡಿ ಹೋದರೆ ಹೋಗಲಿ, ಪ್ರದರ್ಶನಕ್ಕೆ ಬೇರೆ ಏನಾದರೂ ಇಡ್ತೀನಿ. ಆದರೆ ನಾನು ಉಂಡೆ ಅಂತ ನಮ್ಮ ಮನೆಯವರ ಕಿವಿಗೆ ಬೀಳಬಾರದು. ವಾರಕ್ಕೊಂದು ದಿನ ಉಪವಾಸ ಇರ್ತೀನಿ ಅಂತ ದೇವರ ಮುಂದೆ ನಿಲ್ಲಿಸಿ ಆಣೆ ಮಾಡಿಸಿಕೊಂಡಿದ್ದಾರೆ."

ಅದಕ್ಕೇ ನನಗೆ ಆ ದಿನ ಇಷ್ಟು ಚೆನ್ನಾಗಿ ನೆನಪಿರುವುದು. ಅವತ್ತು ಸಂಕ್ರಾಂತಿಯ ಹಿಂದಿನ ದಿನ, ಅವರ ಉಪವಾಸದ ಸೋಮವಾರ.