ಶೀಲಶಾಲಿ ಬಸವಪ್ರಭು

ಛತ್ರಿ ಒಯ್ಯಲೋ ಬೇಡವೋ ಎಂದು ಬಾಗಿಲಲ್ಲೇ ಕಾಲು ಗಂಟೆ ನಿಂತಿದ್ದರಿಂದ ಬಸವಪ್ರಭು ಅಂದು ಆಫೀಸಿಗೆ ತಡವಾಗಿ ಬಂದ. ಶಿವಾಜಿನಗರದ ಆ ವಿಮಾ ಕಚೇರಿಯಲ್ಲಿ ಅವನು ಹನ್ನೆರಡು ವರ್ಷಗಳಿಂದ ಗುಮಾಸ್ತ. ಏಳು ವರ್ಷ ಯೋಚಿಸಿ, ಹೋದ ವಾರವಷ್ಟೇ ಸ್ವಂತ ಫ್ಲ್ಯಾಟಿನಲ್ಲಿ ಹಾಲುಕ್ಕಿಸಿ, ಇನ್ನು ಇಲ್ಲಿಂದ ಕದಲುವುದಿಲ್ಲವೆಂದು ಹೆಂಡತಿ ರೇಣುಗೆ ಮಾತು ಕೊಟ್ಟಿದ್ದ.

ಪಕ್ಕದ ಮೇಜಿನ ನಿಜಲಿಂಗಪ್ಪ ಎದ್ದು ನಿಂತು ಕೈಮುಗಿದ. “ಸಾಹೇಬ್ರು ಈಗಷ್ಟ ಮುಂಬೈಗೆ ಫೋನ್ ಮಾಡಿ ನಿಮ್ಮನ್ನ ಭಾಳ ಹೊಗಳಿದ್ರು ನೋಡ್ರಿ. ‘ಬಸವಪ್ರಭು ಶೀಲಶಾಲಿ’ ಅಂದ್ರು. ಇಂಗ್ಲೀಷಿನ ನಡುವ ಅದೊಂದ ಮಾತು ಅಚ್ಚ ಕನ್ನಡದಾಗ.”

ಸಾಹೇಬರಾದ ಕೃಷ್ಣಾಜಿಯವರು ಬೆಳಗಾವಿ ಕಡೆಯವರು. ಹಾಗಾಗಿ ಇಂಗ್ಲಿಷಿನ ನಡುವೆ ಕನ್ನಡ ನುಸುಳಿದ್ದಕ್ಕೆ ಯಾರಿಗೂ ಅನುಮಾನ ಬರಲಿಲ್ಲ.

“ಧೈರ್ಯಶಾಲಿ ಇದ್ದಂಗ ಶೀಲಶಾಲಿ,” ಎಂದಳು ಟೈಪಿಸ್ಟ್ ತ್ರಿವೇಣಿ. “ಇಂಥಾ ಮಾತು ಎಷ್ಟ ಮಂದಿಗೆ ಸಿಗ್ತದ್ರಿ? ಸಂಜಿಗೆ ಶಾಲು ಹೊದಿಸೋಣು.”

ಮಧ್ಯಾಹ್ನದ ಹೊತ್ತಿಗೆ ಮಾಲೆಯೂ ಬಂತು. ಸನ್ಮಾನ ಒಪ್ಪಲೋ ಬೇಡವೋ ಎಂದು ಒದ್ದಾಡುತ್ತಿದ್ದ ಬಸವಪ್ರಭುವಿಗೆ, ಸಾಹೇಬರು ಮುಂಬೈಯವರ ಜತೆ ಕನ್ನಡವೇಕೆ ಆಡುತ್ತಾರೆ ಎಂಬ ಸಂಶಯ ಹುಟ್ಟಿತು. ಕಪಾಟಿನ ಇಂಗ್ಲಿಷ್ ನಿಘಂಟು ತೆಗೆದ. ಅಲ್ಲಿ ಸಿಕ್ಕಿತು, ಶಿಲಿ-ಶ್ಯಾಲಿ: ನಿರ್ಧಾರ ಮಾಡಲಾಗದೆ ಹೊಯ್ದಾಡುವುದು. ಮೂಲ: ‘ಶ್ಯಾಲ್ ಐ? ಶ್ಯಾಲ್ ಐ?’, ಅಂದರೆ ‘ಮಾಡಲೇ? ಮಾಡಲೇ?’ ಎಂದು ತನ್ನನ್ನೇ ಕೇಳಿಕೊಳ್ಳುವುದು.

ಬಸವಪ್ರಭು ಮೊದಲು ಆ ಮಾತು ಹುಟ್ಟಿಸಿದವನನ್ನು ಮನಸಾರೆ ಮೆಚ್ಚಿದ. ಬೆಳಿಗ್ಗೆ ತಾನು ಛತ್ರಿ ಹಿಡಿದು ನಿಂತದ್ದನ್ನು ಕಂಡೇ ಬರೆದಂತಿತ್ತು. ಆಮೇಲೆ ಸಿಟ್ಟು ನೆತ್ತಿಗೇರಿತು. ಸಂಜೆ ಅದೇ ಹೆಸರಿನಲ್ಲಿ ಶಾಲು ಹೊದ್ದು, ನಾಳೆ ಯಾರಾದರೂ ಅರ್ಥ ಹುಡುಕಿದರೆ ಮುಖವೆಲ್ಲಿಡುವುದು? ಜೀವಮಾನದಲ್ಲಿ ಮೊದಲ ಸಲ, ಒಂದು ಕ್ಷಣವೂ ಯೋಚಿಸದೆ ಸಾಹೇಬರ ಕೋಣೆಗೆ ನುಗ್ಗಿದ.

“ಸರ್, ನಾ ಹೊಯ್ದಾಡೋ ಮನಷ್ಯಾ ಅಲ್ರಿ. ಎಂಥಾ ನಿರ್ಧಾರ ಇದ್ರೂ ನಿಂತ ಕಾಲ ಮ್ಯಾಲ ತಗೋತೀನಿ. ಮುಂಬೈಗೆ ಹಂಗ ತಿಳಸ್ರಿ, ಈಗಿಂದೀಗ.”

ಸಾಹೇಬರು ಕನ್ನಡಕ ತೆಗೆದು ಅವನನ್ನು ಅಭಿಮಾನದಿಂದ ನೋಡಿದರು. ಫೋನು ತಿರುಗಿಸಿ ಇಂಗ್ಲಿಷಿನಲ್ಲಿ ಎರಡು ಮಾತಾಡಿ ಕೆಳಗಿಟ್ಟರು.

“ಶಹಬ್ಬಾಸ್, ಬಸವಪ್ರಭು. ಮಹಾರಾಷ್ಟ್ರದ ಆ ತುದಿ ಕಾಡಿನಾಗ ಗಡಚಿರೋಲಿ ಅದ ಅಲ್ರಿ, ಅಲ್ಲಿ ಶಾಖೆಗೆ ಒಬ್ಬ ಗಟ್ಟಿ ಮನಷ್ಯಾ ಬೇಕಂತ ಅವ್ರು ನಿಮ್ಮ ಹೆಸರು ಹಿಡದಿದ್ರು. ಹೊಸಾ ಮನಿ ಮಾಡೀರಿ, ಪಾಪ ಇಲ್ಲೇ ಇರ್ಲಿ ಅಂತ ಬೆಳಿಗ್ಗೆ ನಾನೇ ಸುಳ್ಳ ಹೇಳಿ ತಪ್ಪಿಸಿದ್ದೆ. ನಿಮ್ಮ ಧೈರ್ಯ ನನಗ ಗೊತ್ತಿರ್ಲಿಲ್ಲ. ಸೋಮವಾರ ಅಲ್ಲಿ ಹಾಜರಾಗ್ರಿ.”

ಸಂಜೆ ಐದಕ್ಕೆ ಶಾಲು ಹೊದಿಸಿದರು. ಬೀಳ್ಕೊಡುಗೆಗೂ ಅದೇ ಸಾಕಾಯಿತು. ನಿಜಲಿಂಗಪ್ಪ ಕಣ್ಣೊರೆಸಿಕೊಳ್ಳುತ್ತ ಶೀಲದ ಮೇಲೆ ಭಾಷಣ ಮಾಡುತ್ತಿದ್ದ. ಬಸವಪ್ರಭು ರೇಣುಗೆ ಕೊಟ್ಟ ಮಾತನ್ನು ನೆನೆದ. ಶಾಲಿನೊಳಗಿಂದಲೇ ಸಾಹೇಬರ ಬಾಗಿಲನ್ನು ನೋಡುತ್ತ, “ಹೋಗಿ ಕೇಳಿಕೊಳ್ಳಲೇ? ಬೇಡವೇ? ಕೇಳಿಕೊಳ್ಳಲೇ?” ಎಂದುಕೊಳ್ಳುತ್ತಿದ್ದ.

ಭಾಷಣ ಮುಗಿಯುವ ಹೊತ್ತಿಗೆ ಸಾಹೇಬರು ಕೋಣೆಗೆ ಬೀಗ ಹಾಕಿಕೊಂಡು ಮನೆಗೆ ಹೋಗಿದ್ದರು.