ಜಡಿಯಪ್ಪನ ಮಜ್ಜಿಗೆ ಪ್ರಕರಣ

ದಿನಾಂಕ: 3-5-2025
ಸ್ಥಳ: ನಡುಮನೆ, ಚಿತ್ತವಾಡ್ಗಿ, ಹೊಸಪೇಟೆ

ಇಂದ,
ಶಂಭುಲಿಂಗ, ವಯಸ್ಸು 44
ಕಚೇರಿಯಲ್ಲಿ: ದ್ವಿತೀಯ ದರ್ಜೆ ಸಹಾಯಕ, ರವಾನೆ ಶಾಖೆ
ಮನೆಯಲ್ಲಿ: ಒಬ್ಬನೇ ಮಗ, ಅವಿವಾಹಿತ (ಈ ಬಗ್ಗೆ ಪ್ರತ್ಯೇಕ ಕಡತವಿದೆ)

ಗೆ,
ಶ್ರೀಮತಿ ಕೊಟ್ರಬಸಮ್ಮನವರು
ಅರ್ಜಿದಾರನ ತಾಯಿ ಹಾಗೂ ಸಕ್ಷಮ ಪ್ರಾಧಿಕಾರ
ಅಡುಗೆಮನೆ, ಇದೇ ವಿಳಾಸ

ವಿಷಯ: ಜಡಿಯಪ್ಪನ ತೊಟ್ಟಿಗೆ ಮಜ್ಜಿಗೆ ಸುರಿದ ಪ್ರಕರಣದ ತರುವಾಯ ನನಗೆ ದಂಡನೆಯ ರೂಪದಲ್ಲಿ ನೀಡಲಾಗುತ್ತಿರುವ ಬಹುವಚನವನ್ನು ಹಿಂಪಡೆದು, ಏಕವಚನಕ್ಕೆ ಹಿಂಬಡ್ತಿ ನೀಡುವ ಬಗ್ಗೆ.

ಉಲ್ಲೇಖ:
1) ಅರ್ಜಿದಾರನ ಒದರಾಟ, ದಿನಾಂಕ 22-4-2025, ಸಂಜೆ ಐದೂಮುಕ್ಕಾಲು.
2) ತಮ್ಮ ಮೌಖಿಕ ಆದೇಶ, "ಸಾಹೇಬ್ರು ಉಣ್ಣಾಕ ಬರ್ರಿ", ದಿನಾಂಕ 23-4-2025 ಮತ್ತು ಅಂದಿನಿಂದ ದಿನಕ್ಕೆರಡು ಸಲ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕಳೆದ ಹನ್ನೊಂದು ದಿನಗಳಿಂದ ಈ ಮನೆಯಲ್ಲಿ ನನಗೆ ಮರ್ಯಾದೆ ಸಿಗುತ್ತಿದೆ. ಅದನ್ನು ತಾಳಲಾರದೆ ಈ ಅರ್ಜಿ. ಬಾಯಲ್ಲೇ ಹೇಳೋಣವೆಂದು ಮೂರು ಸಲ ಅಡುಗೆಮನೆಯ ಬಾಗಿಲವರೆಗೆ ಬಂದಿದ್ದೆ. ಮೂರೂ ಸಲ ತಾವು "ಏನು ಬೇಕಿತ್ರಿ?" ಎಂದು ಕೇಳಿದ ಕಾರಣ, ನೀರು ಕುಡಿದು ವಾಪಸಾದೆ. ಇಪ್ಪತ್ತು ವರ್ಷ ರವಾನೆ ಶಾಖೆಯಲ್ಲಿ ಕುಳಿತವನಿಗೆ ಬರೆದು ಕೊಡುವುದೊಂದೇ ಬರುತ್ತದೆ. ಅರ್ಜಿಯ ಪದ್ಧತಿಯಂತೆ ನಾನೂ ತಮ್ಮನ್ನು ‘ತಾವು’ ಎಂದಿದ್ದೇನೆ. ಇದನ್ನು ಸೇಡೆಂದು ಭಾವಿಸಬಾರದು.

1. ಜಡಿಯಪ್ಪನು ಆಕ್ಸೊಲಾಟಲ್ ಎಂಬ ಜಾತಿಯ ಜಲಚರ. ಮೀನಲ್ಲ, ಹಲ್ಲಿಯಲ್ಲ, ಮೂಲ ಊರು ಮೆಕ್ಸಿಕೋ. ಸಹೋದ್ಯೋಗಿ ದುರುಗೇಶ್ ಉಕ್ಕಿನ ಕಾರ್ಖಾನೆಯ ಪಕ್ಕದ ಕುರೆಕುಪ್ಪಕ್ಕೆ ವರ್ಗವಾದಾಗ, "ಅಲ್ಲಿ ಕಬ್ಬಿಣನಾ ಕರಗತೈತಿ, ಇದು ಉಳೀತೈತೇನಪಾ?" ಎಂದು ಗಾಜಿನ ತೊಟ್ಟಿ ಸಮೇತ ನನಗೆ ಒಪ್ಪಿಸಿ ಹೋದರು. ಹೊಸಪೇಟೆಯೇನು ಊಟಿಯೇ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಕತ್ತಿನ ಎರಡೂ ಬದಿಗೆ ಕೆಂಪಗೆ ಹರಡಿದ ಅದರ ಕಿವಿರುಗಳನ್ನು ಕಂಡು, "ಅಯ್ಯ, ಇದಕ್ಕ ಜಡಿ ಬಂದೈತಿ" ಎಂದು ಹೆಸರಿಟ್ಟವರು ತಾವು.

2. ಮೊಟ್ಟೆಯನ್ನೂ ಹೊಸ್ತಿಲು ದಾಟಗೊಡದ ತಾವು, ಜಡಿಯಪ್ಪನಿಗೆ ಎರೆಹುಳವೇ ಆಹಾರವೆಂದು ತಿಳಿದ ಮೇಲೆ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದು, ಮೂರನೆಯ ದಿನ "ಅದರ ಧರ್ಮ ಅದಕ್ಕ" ಎಂದು ತೀರ್ಪು ಕೊಟ್ಟು, ಇಕ್ಕಳದಲ್ಲಿ ಹುಳ ಹಿಡಿದು ತಿನ್ನಿಸಲು ಕಲಿತಿರಿ. ಕಂಪ್ಲಿಯ ಮಾವ ಗದ್ದೆಯ ಹುಳ ಕಳಿಸಿದಾಗ, "ಬ್ಯಾಡ, ಗದ್ದಿಗೆ ಔಷಧ ಹೊಡೆದಿರ್ತಾರ" ಎಂದು ತಿರುಗಿ ಕಳಿಸಿದವರೂ ತಾವೇ. ಚಂದ ಕಾಣಲೆಂದು ತೊಟ್ಟಿಯ ತಳಕ್ಕೆ ನಾನು ಹಾಕಿದ ಸಣ್ಣ ಕಲ್ಲುಗಳನ್ನು, "ನುಂಗಿದ್ರ ಏನ್ ಗತಿ?" ಎಂದು ತೆಗೆಸಿದವರೂ ತಾವೇ. ಆದ್ದರಿಂದ ತಮಗೆ ಏನೂ ತಿಳಿಯದು ಎಂಬ ನನ್ನ ಹೇಳಿಕೆಗೆ (ಕಲಂ 4 ನೋಡಿ) ಯಾವ ದಾಖಲೆಯ ಆಧಾರವೂ ಇರುವುದಿಲ್ಲ.

3. ಫೆಬ್ರುವರಿಯಲ್ಲಿ ನಾನು ತಮಗೆ, "ಯವ್ವಾ, ಬ್ಯಾಸಗಿಯೊಳಗ ಇದನ್ನ ಭಾಳ ತಂಪಾಗಿ ಇಡಬೇಕು, ಇಲ್ಲಾಂದ್ರ ಸತ್ತು ಹೋಗತೈತಿ" ಎಂದು ಹೇಳಿದ್ದು ನಿಜ. ‘ತಂಪು’ ಎಂದರೆ ನೀರಿನ ಶಾಖ ಹದಿನಾರರಿಂದ ಹದಿನೆಂಟು ಡಿಗ್ರಿ ಎಂದು ಹೇಳಲಿಲ್ಲ. ದಿನಾಂಕ 22ರಂದು ಹೊರಗೆ ನಲವತ್ತೊಂದು ಡಿಗ್ರಿ ಬಿಸಿಲು. ಕರೆಂಟಿಲ್ಲದೆ ಫ್ಯಾನ್ ನಿಂತಿತ್ತು. ತೊಟ್ಟಿಯಲ್ಲಿ ತೇಲಿಬಿಟ್ಟಿದ್ದ ಮಂಜುಗಡ್ಡೆಯ ಬಾಟಲಿ ಕರಗಿ ನೀರಾಗಿತ್ತು. ಜಡಿಯಪ್ಪ ಬಾಲದ ತುದಿ ಮಡಚಿಕೊಂಡು ಮೇಲೆ ಬಂದು ಬಾಯಿ ತೆರೆಯುತ್ತಿದ್ದ. ಅದನ್ನು ಕಂಡು ತಾವು, ತಂಪಿಗೆಂದು, ನೆನೆಸಿದ ಕಾಮಕಸ್ತೂರಿ ಬೀಜ ಒಂದು ಹಿಡಿ, ಔಡಲೆಣ್ಣೆ (ಹರಳೆಣ್ಣೆ) ಎರಡು ಚಮಚ ಹಾಗೂ ಮಜ್ಜಿಗೆ ಒಂದು ಚೊಂಬು ಸುರಿದಿರಿ. ಮಜ್ಜಿಗೆಗೆ ಉಪ್ಪು ಹಾಕಿರಲಿಲ್ಲವೆಂಬ ತಮ್ಮ ಹೇಳಿಕೆಯನ್ನು ದಾಖಲಿಸಿಕೊಳ್ಳಲಾಗಿದೆ.

4. ಸಂಜೆ ಬಂದು ಬೆಳ್ಳಗಾದ ತೊಟ್ಟಿಯನ್ನು ನೋಡಿದ ನಾನು, ಪಕ್ಕದ ಮನೆಯ ತಾಯಕ್ಕನವರಿಗೂ ಕೇಳುವಂತೆ, "ನಿನಗೇನ್ ತಿಳೀತೈತಿ? ಸುಮ್ನ ಕುಂದ್ರಾಕ ಆಗಲ್ಲೇನು?" ಎಂದು ಒದರಿದೆ. ತಾವು ಖಾಲಿ ಚೊಂಬು ಹಿಡಿದು ಒಳಗೆ ಹೋದಿರಿ. ಜಡಿಯಪ್ಪನನ್ನು ಬಕೆಟ್ಟಿಗೆ ವರ್ಗಾಯಿಸಿ, ಹಿಂದಿನ ದಿನ ಹಿಡಿದಿಟ್ಟ ನಲ್ಲಿ ನೀರನ್ನು ಹೊತ್ತು ಹೊತ್ತಿಗೆ ಬದಲಿಸಿ, ಬೆಳಕು ಬೀಳದಂತೆ ಬಟ್ಟೆ ಹೊದಿಸಿ, ತೊಟ್ಟಿಯನ್ನು ಸೋಪು ಮುಟ್ಟಿಸದೆ ತೊಳೆಯಲಾಯಿತು. ಆರನೆಯ ದಿನ ಅವನ ಜಡೆಗೆ ಮತ್ತೆ ಕೆಂಪು ಬಂತು. ಅವನು ಗುಣವಾದ. ತಾವು ಆಗಲಿಲ್ಲ.

5. ಮರುದಿನ ಬೆಳಿಗ್ಗೆಯಿಂದ "ಎದ್ರ್ಯಾ? ಚಾ ಕುಡೀರಿ", "ಕುಂದ್ರಿ ಸಾಹೇಬ್ರ", "ಹೋಗಿ ಬರ್ರಿ" ಎಂಬ ಬಹುವಚನ ಜಾರಿಗೆ ಬಂದಿರುತ್ತದೆ. ನಮ್ಮ ಕಚೇರಿಯ ಜವಾನ ಎರ್ರೆಪ್ಪನೂ ನನಗೆ ಇಷ್ಟು ಮರ್ಯಾದೆ ಕೊಟ್ಟವನಲ್ಲ. ಬಹುವಚನದಲ್ಲಿ ಬಡಿಸಿದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೇನೆ. ಇದೇ ಅವಧಿಯಲ್ಲಿ ಜಡಿಯಪ್ಪನನ್ನು ಮಾತ್ರ "ಏನೋ, ಉಂಡೇನೋ ಕಂದಾ" ಎಂದು ವಿಚಾರಿಸಲಾಗುತ್ತಿದೆ. ಅವನ ಸೇವಾವಧಿ ಏಳು ತಿಂಗಳು, ನನ್ನದು ನಲವತ್ತನಾಲ್ಕು ವರ್ಷ. ಸೇವಾ ಹಿರಿತನವನ್ನು ಕಡೆಗಣಿಸಿರುವುದು ನಿಯಮಬಾಹಿರ.

6. ನಿನ್ನೆ ಮಧ್ಯಾಹ್ನ, ಮನೆಯಲ್ಲೇ ಮರೆತ ಓದುವ ಕನ್ನಡಕಕ್ಕೆಂದು ಬಂದಾಗ ಕಂಡದ್ದನ್ನು ಪ್ರಮಾಣಪೂರ್ವಕವಾಗಿ ಹೇಳುತ್ತೇನೆ. ತಮ್ಮ ಕೋಣೆಯ ಟೇಬಲ್ ಫ್ಯಾನ್ ತೊಟ್ಟಿಯ ಮೇಲ್ನೀರಿಗೆ ಗಾಳಿ ಬೀಸುತ್ತಿತ್ತು. ತಾವು ಪಕ್ಕದಲ್ಲಿ ಬೆವರುತ್ತ ಹಳೆಯ ರಟ್ಟಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಿರಿ. ಶಾಖ ನೋಡುವ ಕಡ್ಡಿಯ ಅಂಕಿ ಸಣ್ಣದೆಂದು, ಪ್ರಕರಣದ ತರುವಾಯ ನಾನು ತಿಳಿಸಿದ ಹದಿನೆಂಟರ ನೇರಕ್ಕೆ ಗಾಜಿನ ಹೊರಗೆ ಕುಂಕುಮದ ಬೊಟ್ಟು ಇಟ್ಟಿದ್ದಿರಿ. ಕಡ್ಡಿಯ ಗೆರೆ ಬೊಟ್ಟಿನಿಂದ ಕೂದಲೆಳೆಯಷ್ಟೂ ಮೇಲಿರಲಿಲ್ಲ. ಮತ್ತು ತಾವು ಜಡಿಯಪ್ಪನಿಗೆ ಹೀಗೆ ಹೇಳುತ್ತಿದ್ದಿರಿ: "ಇವಂಗ ಸಣ್ಣಾಂವ ಇದ್ದಾಗ ಬಿಸಲು ಬಡಿದು ಮೈ ಸುಡ್ತಿತ್ತು. ನೆತ್ತಿಗೆ ಔಡಲೆಣ್ಣಿ ಹಚ್ಚಿ, ಮಜ್ಜಿಗಿ ಕುಡಿಸಿ ಉಳಿಸಿಕೊಂಡೆ. ನಿನಗೂ ಹಂಗಾ ಮಾಡಿದ್ನಪ್ಪ. ನನಗೇನ್ ತಿಳೀತೈತಿ ಅಂತ ಅಂದ ನೋಡು."

ನಾನು ಕನ್ನಡಕ ತೆಗೆದುಕೊಳ್ಳದೆ ಕಚೇರಿಗೆ ಹೋದೆ. ಮಧ್ಯಾಹ್ನವೆಲ್ಲ ಕಾಗದ ಕಾಣಲಿಲ್ಲ, ಕಾರಣ ಕನ್ನಡಕವಲ್ಲ. ತಪ್ಪು ನನ್ನದು, ಅವ್ವ. ‘ತಂಪು’ ಎಂಬ ಮಾತನ್ನು ನಾನು ಕಲಿತದ್ದೇ ತಮ್ಮ ಕೈಯಿಂದ. ಅದನ್ನೇ ತಮಗೆ ಹೇಳಿಕೊಡಲು ಹೋಗಿ ಒದರಿದೆ.

7. ಆದರೂ ಸದರಿ ಮಾತುಗಳಲ್ಲಿ ನನ್ನನ್ನು "ಇವಂಗ" ಎಂದೂ, "ಅಂದ" ಎಂದೂ ಉಲ್ಲೇಖಿಸಿರುವುದನ್ನು ಸಕ್ಷಮ ಪ್ರಾಧಿಕಾರದ ಗಮನಕ್ಕೆ ತರಲು ಬಯಸುತ್ತೇನೆ. ಅಂದರೆ ನನ್ನ ಬೆನ್ನ ಹಿಂದೆ ಏಕವಚನವು ಇಂದಿಗೂ ಚಾಲ್ತಿಯಲ್ಲಿದೆ. ಅದನ್ನು ನನ್ನ ಮುಖದೆದುರಿಗೂ ವಿಸ್ತರಿಸುವುದರಿಂದ ಮನೆಗೆ ಯಾವ ಹೆಚ್ಚುವರಿ ಹೊರೆಯೂ ಬೀಳುವುದಿಲ್ಲ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಗಾಗಿ, ನನ್ನನ್ನು ಸಾಹೇಬರ ಹುದ್ದೆಯಿಂದ ಕೂಡಲೇ ಕೆಳಗಿಳಿಸಿ, ಜಡಿಯಪ್ಪನಿಗೆ ಸಮಾನವಾದ ದರ್ಜೆಯಲ್ಲಿ, ಅದು ಸಾಧ್ಯವಾಗದಿದ್ದಲ್ಲಿ ಅವನಿಗಿಂತ ಒಂದು ದರ್ಜೆ ಕೆಳಗೆ, ಮರುನೇಮಕ ಮಾಡಿಕೊಳ್ಳಬೇಕಾಗಿ ವಿನಂತಿ. ಫ್ರಿಜ್ಜಿನ ಮೇಲಿನ ಖಾನೆಯ ನಾಲ್ಕು ಮಂಜುಗಡ್ಡೆ ಬಾಟಲಿಗಳನ್ನು ಇನ್ನು ಮುಂದೆ ನಾನೇ ತುಂಬಿಡುತ್ತೇನೆ. ತಮ್ಮ ಫ್ಯಾನನ್ನು ಬಿಡುಗಡೆ ಮಾಡಿ, ನನ್ನ ಕೋಣೆಯದನ್ನು ತೊಟ್ಟಿಗೆ ನಿಯೋಜಿಸಲಾಗಿದೆ.

ತಮ್ಮ ವಿಶ್ವಾಸಿ,
ಶಂಭುಲಿಂಗ
(ತಮ್ಮ ಕಡತಗಳಲ್ಲಿ: ಶಂಭ್ಯಾ)

ಅಡಕಗಳು:
1. ಜಡಿಯಪ್ಪನ ಇತ್ತೀಚಿನ ಭಾವಚಿತ್ರ, ಜಡೆ ಕೆಂಪಗಿರುವುದು, ನಗುಮುಖ.
2. ತಾಯಕ್ಕನವರ ಸಾಕ್ಷಿ: "ಅಂವ ಒದರಿದ್ದು ಖರೆ. ನಾ ಕೇಳೀನಿ."
3. ಔಡಲೆಣ್ಣೆ, ಹೊಸ ಸೀಸೆ ಒಂದು. ತೊಟ್ಟಿಗಲ್ಲ, ಅರ್ಜಿದಾರನ ನೆತ್ತಿಗೆ.

ಪ್ರತಿ: ಜಡಿಯಪ್ಪ, ಗಾಜಿನ ತೊಟ್ಟಿ, ಮಾಹಿತಿಗಾಗಿ.

ವಿಶೇಷ ಸೂಚನೆ: ಈ ಬಗ್ಗೆ ಲಿಖಿತ ಆದೇಶದ ಅಗತ್ಯವಿಲ್ಲ. ನನ್ನ ಒದರಾಟ ತಾಯಕ್ಕನವರ ಮನೆಯವರೆಗೆ ಕೇಳಿದ್ದರಿಂದ, ಆದೇಶವೂ ಅಲ್ಲಿಯವರೆಗೆ ಕೇಳುವಂತೆ ಅಡುಗೆಮನೆಯಿಂದಲೇ "ಲೇ ಶಂಭ್ಯಾ, ಉಣ್ಣಾಕ ಬಾರಲೇ" ಎಂದು ಹೊರಡಿಸಬೇಕಾಗಿ ಕೋರಿದೆ. ಅರ್ಜಿದಾರನು ನಡುಮನೆಯಲ್ಲಿ ಕೈ ತೊಳೆದುಕೊಂಡು ಕುಳಿತಿದ್ದಾನೆ.