ಒಂದಾದ್ರೂ ಐಬು ಬರೀರಿ, ಮೇಷ್ಟ್ರೇ

ಪುಟ್ಟಮಲ್ಲಪ್ಪ: ಆಗಲ್ಲ ಮೇಷ್ಟ್ರೇ. ಈ ಕಾಗ್ದಕ್ಕೆ ನಾನು ರುಜು ಆಕಲ್ಲ.

ಮಲ್ಲಿಕಾರ್ಜುನಸ್ವಾಮಿ: ಯಾಕೆ ಯಜಮಾನ್ರೇ? ನಿಮ್ಮ ಮೊಮ್ಮಗಳನ್ನ ನಾಲ್ಕು ಸಾಲು ಹೊಗಳಿ ಬರ್ದಿದೀನಿ. ಅದು ತಪ್ಪಾ?

ಪುಟ್ಟಮಲ್ಲಪ್ಪ: ಒಗಳಿದ್ದು ತಪ್ಪಲ್ಲ. ಅದ್ರ ಕೆಳಗೆ 'ದೌರ್ಬಲ್ಯ: ಏನೂ ಇಲ್ಲ' ಅಂತ ಬರ್ದಿದ್ದೀರಲ್ಲ, ಅದು ತಪ್ಪು. ಒಂದಾದ್ರೂ ಐಬು ಬರೀರಿ.

ಮಾಂಬಳ್ಳಿಯ ಆ ಜಗಲಿಯ ಮೇಲೆ ಈ ವ್ಯಾಜ್ಯ ಹತ್ತಿ ಅರ್ಧ ಗಂಟೆಯಾಗಿತ್ತು. ಮಲ್ಲಿಕಾರ್ಜುನಸ್ವಾಮಿ ಕೊಳ್ಳೇಗಾಲದ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರು. ಹದಿನೆಂಟು ವರ್ಷಗಳಲ್ಲಿ ಅವರ ಕೈಯಲ್ಲಿ ಪಳಗಿದ ಒಬ್ಬರನ್ನು, ಸಂಬಳ ಕೊಟ್ಟು ಆಡಿಸುವ ಕ್ಲಬ್ಬೊಂದು ವಿಚಾರಿಸಿದ್ದು ಇದೇ ಮೊದಲು. ವಿಚಾರಿಸಿದ್ದು ರೂಪಳನ್ನು. ಇಪ್ಪತ್ತು ವರ್ಷ, ಆರಡಿ ಎತ್ತರ, ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಫಾರ್ವರ್ಡ್. ಎಂದರೆ ಎದುರಾಳಿಯ ಬುಟ್ಟಿಯ ಬಳಿಗೆ ನುಗ್ಗಿ ಚೆಂಡು ಹಾಕಬೇಕಾದವಳು. ಕೊಯಮತ್ತೂರಿನ ಆ ಕ್ಲಬ್ಬು ಒಂದು ಫಾರಂ ಕಳಿಸಿತ್ತು. ಮೇಲಿನ ಖಾನೆಯಲ್ಲಿ ಆಟಗಾರ್ತಿಯ ಶಕ್ತಿ, ಕೆಳಗಿನದರಲ್ಲಿ ದೌರ್ಬಲ್ಯ, ಅದರಡಿ ಮನೆಯ ಹಿರಿಯರ ರುಜು. ಎಲ್ಲವನ್ನೂ ಸಂಜೆ ಐದರೊಳಗೆ ಫೋಟೊ ತೆಗೆದು ಕಳಿಸಬೇಕು. ರೂಪಳ ತಂದೆತಾಯಿ ಯಳಂದೂರಿಗೆ ಕೆಲಸಕ್ಕೆ ಹೋಗಿದ್ದರು. ಇದ್ದಿದ್ದರೂ ಆ ಮನೆಯಲ್ಲಿ ರುಜುವಿನ ಅಧಿಕಾರ ತಾತನದೇ.

ತಾತ ಪುಟ್ಟಮಲ್ಲಪ್ಪನವರಾದರೋ ನಲವತ್ತು ವರ್ಷ ಸಂತೆಸಂತೆಗಳಲ್ಲಿ ದನದ ದಳ್ಳಾಳಿಯಾಗಿದ್ದವರು. ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವುದರಲ್ಲಿ ಅವರದು ದೊಡ್ಡ ಹೆಸರು. ಅವರ ವಿದ್ಯೆಯ ಮೊದಲ ಪಾಠವೆಂದರೆ, ಮಾರುವ ಕಡೆಯವರೇ ಒಂದು ಐಬನ್ನು ತಾವಾಗಿ ಹೇಳಿಬಿಡಬೇಕೆಂಬುದು.

ಪುಟ್ಟಮಲ್ಲಪ್ಪ: ಐಬೇ ಇಲ್ಲ ಅಂದ್ರೆ ಕೊಳ್ಳೋನು ಎತ್ತಿನ ಅಗ್ಗಾನೇ ಮುಟ್ಟಲ್ಲ ಸಾ. ಬಾಯಿ ಬುಡ್ಸಿ ಅಲ್ಲು ನೋಡ್ತಾನೆ, ಬಾಲ ಎತ್ತಿ ಕೂದ್ಲ ಸುಳಿ ನೋಡ್ತಾನೆ, ಆಮೇಲೆ ನಮ್ಮ ಕಾಸಲ್ಲೇ ಟೀ ಕುಡ್ದು ಮನೆಗೋಯ್ತಾನೆ.

ಒಳಗಿನಿಂದ ಅವರ ಹೆಂಡತಿ ಮಹಾಲಕ್ಷ್ಮಮ್ಮ ಕೈಯಲ್ಲಿದ್ದ ಮೊರದ ಸಮೇತ ಹೊರಗೆ ಬಂದರು.

ಮಹಾಲಕ್ಷ್ಮಮ್ಮ: ಯಾರ ಬಾಲ ಎತ್ತೋದು? ಕೂಸು ದನ ಅಲ್ಲ ಕಣ್ರಿ.

ಪುಟ್ಟಮಲ್ಲಪ್ಪ: ನಾನೆಲ್ಲಿ ದನ ಅಂದೆ? ಪದ್ಧತಿ ಏಳ್ದೆ.

ಮಹಾಲಕ್ಷ್ಮಮ್ಮ: ನಿಮ್ಮ ಪದ್ಧತಿ ಕಂಡಿವ್ನಿ. ನನ್ನ ನೋಡಕ್ಕೆ ಬಂದಾಗ ನಿಮ್ಮವ್ವ ನಡ್ಸಿ ನೋಡಿದ್ರು, ಪದ ಆಡ್ಸಿ ನೋಡಿದ್ರು. ನಿಮ್ಮ ಐಬ ಯಾರಾದ್ರೂ ನಮ್ಮಪ್ಪಂಗೆ ಬರ್ದು ಕೊಟ್ಟಿದ್ರಾ?

ಮೇಷ್ಟ್ರು ನಗಲು ಹೋಗಿ, ಗಡಿಯಾರ ನೋಡಿ ತಡೆದುಕೊಂಡರು. ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಸೋತ ದನಿಯಲ್ಲಿ, ಒಂದೇ ಒಂದು ಐಬು ಬರೆಯುವುದಾಗಿ ಒಪ್ಪಿದರು. ಬರೆದಿದ್ದ ಫಾರಮನ್ನು ಮಡಿಸಿ ಮಂಡಿಯ ಕೆಳಗಿಟ್ಟುಕೊಂಡು, ಕೆಟ್ಟರೆ ಇರಲೆಂದು ತಂದಿದ್ದ ಇನ್ನೊಂದು ಪ್ರತಿಯನ್ನು ಬಿಚ್ಚಿದರು. ಏನು ಬರೆಯಬೇಕೆಂದು ಕೇಳಿದ್ದೇ ತಡ, ಐಬು ಬರೆಯಲೇಕೂಡದೆಂದು ಬಂದಿದ್ದ ಮಹಾಲಕ್ಷ್ಮಮ್ಮನವರೇ ಮೊರ ಕೆಳಗಿಟ್ಟು ಕುಳಿತರು.

ಮಹಾಲಕ್ಷ್ಮಮ್ಮ: ಬರೀಲೇಬೇಕು ಅಂದ್ರೆ ಎಡಚಿ ಅಂತ ಬರೀರಿ. ಎಷ್ಟು ಬಯ್ದ್ರೂ ಬಲಗೈಲಿ ಸೌಟು ಇಡೀನಿಲ್ಲ.

ಮಲ್ಲಿಕಾರ್ಜುನಸ್ವಾಮಿ: ಅಮ್ಮಾ, ಅದು ಶಕ್ತಿ. ಎಡಗೈಯಲ್ಲಿ ಹಾಕೋರನ್ನ ತಡೆದು ಎದುರಾಳಿಗೆ ಅಭ್ಯಾಸವೇ ಇರಲ್ಲ.

ಎಡಗೈ ಮೇಲಿನ ಖಾನೆಗೆ ಹೋಯಿತು. ಬಾಗಿಲಿಗೆ ಹಣೆ ಬಡಿಯುವಷ್ಟು ಉದ್ದ, ಗಂಡು ಹುಡುಕುವುದೇ ಕಷ್ಟ ಎಂದರು ಅಜ್ಜಿ. ಅದೂ ಮೇಲಕ್ಕೆ ಹೋಯಿತು. ಯಳಂದೂರಿನ ಬಸ್ಸಿನಲ್ಲಿ ಭುಜ ಕೊಟ್ಟು ಸೀಟು ಹಿಡಿಯುತ್ತಾಳೆ, ಯಾರಿಗೂ ಜಾಗ ಬಿಡುವುದಿಲ್ಲ ಎಂದರು. ಮೇಷ್ಟ್ರು ಅದನ್ನಂತೂ ಅಡಿಗೆರೆ ಎಳೆದು ಬರೆದುಕೊಂಡರು. ಮನೆಯ ಇಪ್ಪತ್ತು ವರ್ಷದ ದೂರುಗಳೆಲ್ಲ ಹೀಗೆ ಶಕ್ತಿಯಾಗಿ, ಕೆಳಗಿನ ಖಾನೆ ಮತ್ತೆ ಬರಿದಾಗಿಯೇ ಉಳಿಯಿತು. ಮೆಟ್ಟಿಲ ಮೇಲೆ ಕುಳಿತು ಬಾಯಿ ಬಿಟ್ಟ ಶೂಗೆ ಗೋಂದು ಹಚ್ಚುತ್ತಿದ್ದ ರೂಪ ತಲೆ ಎತ್ತದೆ ನಗುತ್ತಿದ್ದಳು.

ಪುಟ್ಟಮಲ್ಲಪ್ಪ: ನಾನೇ ಏಳ್ತೀನಿ, ಬರ್ಕಳಿ. ಕೊಳ್ಳೇಗಾಲದಲ್ಲಿ ಒಂದೇ ಒಂದು ಮ್ಯಾಚ್ ನೋಡಿವ್ನಿ. ಚೆಂಡು ಎಸೆದ್ಬುಟ್ಟು, ಅದು ಬಿತ್ತೋ ಇಲ್ವೋ ಅಂತ ನಿಂತ್ಕಂಡು ನೋಡ್ತಾಳೆ. ಅಷ್ಟೊತ್ಗೆ ಅವ್ರು ಚೆಂಡು ತಕಂಡು ಈ ಕಡೆ ಬಂದು ಆಕ್ಬುಟ್ಟಿರ್ತಾರೆ. ಉಳೋವಾಗ ಸಾಲಿನ ಕೊನೇಲಿ ತಿರುಗ್ದೆ ನಿಲ್ಲೋ ಎತ್ತು ಇರ್ತದಲ್ಲ, ಅಂಗೆ.

ಮೇಷ್ಟ್ರ ಪೆನ್ನು ನಿಂತಿತು. ಮೂರು ವರ್ಷದಿಂದ ಮೈದಾನದ ಅಂಚಿನಲ್ಲಿ ನಿಂತು ತಾವು ಕೂಗುತ್ತಿದ್ದುದು ಇದನ್ನೇ.

ಪುಟ್ಟಮಲ್ಲಪ್ಪ: ಇನ್ನೊಂದು. ಎಡಗೈ ಸರಿ, ಬಲಗೈಲಿ ಚೆಂಡು ಪುಟಿಸ್ಕಂಡು ನಾಕು ಎಜ್ಜೆ ಓಡಕ್ಕಾಗಲ್ಲ. ಎಡಗಡೆಗೇ ಕಟ್ಟಿ ಪಳಗಿಸಿದ ಎತ್ತ ಬಲಗಡೆ ಕಟ್ಟುದ್ರೆ ಗಾಡಿ ಚರಂಡಿಗೇಯ.

ರೂಪ: ತಾತ, ಒಂದು ಅಂದಿದ್ದೆ. ಎರಡಾಯ್ತು.

ಪುಟ್ಟಮಲ್ಲಪ್ಪ: ಸುಮ್ಕಿರವ್ವ, ಯಾಪಾರ ನಡೀತಾ ಅದೆ.

ಎರಡನ್ನೂ ಬರೆದದ್ದಾಯಿತು. ಪುಟ್ಟಮಲ್ಲಪ್ಪನವರು ಒಂದೊಂದು ಅಕ್ಷರವನ್ನೂ ಗೂಟಕ್ಕೆ ಕಟ್ಟುವಂತೆ ಬರೆದು ರುಜು ಹಾಕಿದರು. ಫೋಟೊ ಹೋಯಿತು. ಮೇಷ್ಟ್ರು ಮಾತ್ರ, ಹುಡುಗಿಯ ದಾರಿಗೆ ತಾನೇ ಕಲ್ಲು ಹಾಕಿದೆನೆಂಬ ಮುಖ ಮಾಡಿಕೊಂಡು ಕುಳಿತರು.

ಕಾಫಿ ಬರುವ ಮೊದಲೇ ಫೋನು ಬಂತು. ಕ್ಲಬ್ಬಿನ ತರಬೇತುದಾರೆ ಪದ್ಮಿನಿ. ತಮಿಳುನಾಡು ಗಡಿಯ ಪಾಲಾರ್ ಕಡೆಯ ಹೆಂಗಸು, ಕನ್ನಡ ತಮಿಳು ಎರಡನ್ನೂ ಮನೆಮಾತಾಗಿ ಬಲ್ಲವರು. ಮೇಷ್ಟ್ರು ಎಲ್ಲರಿಗೂ ಕೇಳುವಂತೆ ಫೋನನ್ನು ಜಗಲಿಯ ಮೇಲಿಟ್ಟರು.

ಪದ್ಮಿನಿ: ಸಾರ್, ನಲವತ್ತು ಫಾರಂ ಬಂದಿದೆ. ಮೂವತ್ತೊಂಬತ್ತರಲ್ಲಿ ದೌರ್ಬಲ್ಯ ಏನೂ ಇಲ್ಲ ಅಂತಿದೆ. ಅವನ್ನೆಲ್ಲ ಪಕ್ಕಕ್ಕಿಟ್ಟೆ. ನಿಮ್ಮ ಹುಡುಗಿ ವೀಡಿಯೊ ನೋಡಿ ನಾನು ಬರ್ಕೊಂಡಿದ್ದೂ ಇವೇ ಎರಡು. ತಿದ್ದಬಹುದು. ಸೋಮವಾರ ಕಳಿಸಿಕೊಡಿ. ಎರಡು ವರ್ಷದ ಕರಾರು, ಹಾಸ್ಟೆಲ್ ನಮ್ಮದೇ. ಆರು ತಿಂಗಳಿಗೊಂದು ಸಲ ಊರಿಗೆ ಕಳಿಸ್ತೀವಿ.

ರೂಪಳ ಕೈಯಿಂದ ಶೂ ಜಾರಿತು. ಮೇಷ್ಟ್ರು ಕಣ್ಣೊರೆಸಿಕೊಂಡರು. ಪುಟ್ಟಮಲ್ಲಪ್ಪನವರು 'ನೋಡ್ದಾ' ಎನ್ನುವಂತೆ ಹೆಂಡತಿಯ ಕಡೆ ಮೀಸೆ ತಿರುವಲು ಹೋದವರು ಅರ್ಧಕ್ಕೇ ಕೈ ಇಳಿಸಿದರು. ನಲವತ್ತು ವರ್ಷ ಅವರು ದಾಟಿಸಿದ ಹಗ್ಗಗಳೆಲ್ಲ ಯಾರದೋ ಕೈಯಿಂದ ಇನ್ನಾರದೋ ಕೈಗೆ ಹೋಗಿದ್ದವು. ಈ ಸಲ ಹಗ್ಗದ ಒಂದು ತುದಿ ತಮ್ಮದೇ ಕೈಯಲ್ಲಿದ್ದದ್ದು ಅವರಿಗೆ ಇದುವರೆಗೆ ಗೊತ್ತೇ ಆಗಿರಲಿಲ್ಲ. ಸೋಮವಾರಕ್ಕೆ ನಾಲ್ಕೇ ದಿನ. ಅವರು ಫೋನಿನ ಕಡೆ ಬಾಗಿದರು.

ಪುಟ್ಟಮಲ್ಲಪ್ಪ: ತಾಯೀ, ಇನ್ನೂ ಐಬು ಅವೆ. ಕಾಗ್ದದಲ್ಲಿ ಜಾಗ ಸಾಲ್ನಿಲ್ಲ.

ಪದ್ಮಿನಿ: ಹೇಳಿ ಯಜಮಾನ್ರೇ.

ಪುಟ್ಟಮಲ್ಲಪ್ಪ: ಮುದ್ದೆ ಇಲ್ದಿದ್ರೆ ಉಣ್ಣಕಿಲ್ಲ.

ಪದ್ಮಿನಿ: ನಾನೂ ಮುದ್ದೆ ತಿಂದೇ ಬೆಳೆದೋಳು. ಮಾಡಿಸ್ತೀನಿ.

ಪುಟ್ಟಮಲ್ಲಪ್ಪ: ಸೋತ್ರೆ ಎರಡು ದಿನ ಮಾತಾಡಲ್ಲ.

ಪದ್ಮಿನಿ: ಅಂಥವಳೇ ಬೇಕು. ಸೋತು ಸೆಲ್ಫಿ ತಗೊಳ್ಳೋರು ಆರು ಜನ ಇದಾರೆ.

ಪುಟ್ಟಮಲ್ಲಪ್ಪ: ಮಂಡಿ ನೋವಾದ್ರೆ ಬಾಯಿ ಬುಟ್ಟು ಏಳಲ್ಲ. ನಡೆಯೋ ರೀತಿ ನೋಡಿ ಅವ್ರಜ್ಜಿನೇ ಕಂಡಿಡೀಬೇಕು.

ಇದನ್ನು ಹೇಳುವಾಗ ದಳ್ಳಾಳಿಯ ದನಿ ಸ್ವಲ್ಪ ತಪ್ಪಿತು.

ಪದ್ಮಿನಿ: ನಡಿಗೆ ನಾನು ನೋಡ್ತೀನಿ, ಯಜಮಾನ್ರೇ. ಇಷ್ಟು ನಿಜ ಹೇಳೋ ಮನೆ ನನಗೆ ಇದುವರೆಗೆ ಸಿಕ್ಕಿರಲಿಲ್ಲ. ಎರಡು ವರ್ಷ ಬೇಡ, ಮೂರು ವರ್ಷಕ್ಕೇ ಬರ್ಕೊಳ್ತೀವಿ.

ಫೋನು ಕಟ್ಟಾಯಿತು. ರೂಪ ಬಂದು ತಾತನ ಪಕ್ಕ ಕುಳಿತು, ತನ್ನ ಉದ್ದನೆಯ ಎಡಗೈಯನ್ನು ಅವರ ಹೆಗಲ ಮೇಲೆ ಹಾಕಿದಳು.

ಮಹಾಲಕ್ಷ್ಮಮ್ಮ: ಬಾಯಿ ಮುಚ್ಕಂಡು ಕೂತಿದ್ರೆ ಕೂಸು ಎರಡು ವರ್ಷಕ್ಕೆ ವಾಪಸ್ ಬತ್ತಿತ್ತು.

ಪುಟ್ಟಮಲ್ಲಪ್ಪನವರು ಮೇಷ್ಟ್ರ ಮಂಡಿಯ ಕಡೆ ನೋಡಿದರು.

ಪುಟ್ಟಮಲ್ಲಪ್ಪ: ಮೇಷ್ಟ್ರೇ, ಮೊದ್ಲು 'ಏನೂ ಇಲ್ಲ' ಅಂತ ಬರ್ದಿದ್ರಲ್ಲ, ಆ ಕಾಗ್ದ ಕೊಡಿ ಇಲ್ಲಿ. ಐದು ಗಂಟೆ ಇನ್ನೂ ಆಗಿಲ್ಲ, ಅದ್ಕೂ ರುಜು ಆಕಿ ಕಳಿಸ್ಬುಡ್ತೀನಿ.